ಸ್ಟೀರಿಂಗ್ ಮೇಲಿನ ಬಟನ್ನು, ಅಪ್ಪನ ಸ್ಟೇಷನ್ ಗಂಟೆ

ಹೋದ ಸಲ ಹುಣಸೆಕಾಯಿ ತೊಕ್ಕಿನ ಬಗ್ಗೆ ಬರೆದಿದ್ದೆ. ಈ ಸಲ ಅಡಿಗೆ ಮನೆ ಬಿಟ್ಟು ಕಾರಿನೊಳಗೆ ಕೂತು ಬರೀತಿದೀನಿ. ನಗಬ್ಯಾಡ್ರಿ. ಕಾರು ಅನ್ನೋದೂ ಈಗ ಮನೆ ಸಾಮಾನೇ ಆಗೈತೆ. ಗ್ರೈಂಡರ್ ಕೆಟ್ರೆ ನಾವೇ ತಲೆ ಕೆಡಿಸ್ಕೊಳ್ಳಲ್ವಾ, ಇದೂ ಹಂಗೇ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಅದರ ಹಳೇ ಸ್ಟೀರಿಯೋ ಸಿಡಿ ಬಿಟ್ರೆ ಬೇರೇನೂ ಹಾಡ್ತಿರಲಿಲ್ಲ. ಯುಗಾದಿಗೆ ಮುಂಚೆ ಪೇಟೆಗೆ ಹೋಗಿ, ಒಂದು ಅಂಗಡಿಯಾಗೆ ದೊಡ್ಡ ಸ್ಕ್ರೀನಿನ ಹೊಸದು ಹಾಕಿಸಿದ್ವಿ. ಮ್ಯಾಪ್ ಬರುತ್ತೆ, ಹಿಂದಿನ ಕ್ಯಾಮೆರಾ ಬರುತ್ತೆ, ಫೋನೂ ಅದರಾಗೇ ಮಾತಾಡುತ್ತೆ. ಖುಷಿಯಾಗಿ ಚಿಕ್ಕಜಾಜೂರಿಗೆ ವಾಪಸ್ ಬರುವಾಗ ಗೊತ್ತಾಯ್ತು, ಸ್ಟೀರಿಂಗ್ ಮೇಲಿನ ಬಟನ್ನುಗಳು ಸತ್ತು ಕೂತಿದ್ವು. ಸೌಂಡ್ ಜಾಸ್ತಿ ಮಾಡೋದು, ಕಮ್ಮಿ ಮಾಡೋದು, ಫೋನ್ ಎತ್ತೋದು ಯಾವುದೂ ಇಲ್ಲ. ಅಂಗಡಿಗೆ ಫೋನ್ ಮಾಡಿದ್ರೆ, "ಹೊರಗಿನ ಸೆಟ್ ಹಾಕಿದ್ಮೇಲೆ ಅವು ಬರಲ್ಲಮ್ಮ. ಸ್ಕ್ರೀನ್ ಐತಲ್ಲ, ಮುಟ್ಟಿದ್ರೆ ಸಾಕು" ಅಂದ್ರು.

ಮುಟ್ಟಿದ್ರೆ ಸಾಕು ಅನ್ನೋದು ಕೈ ಚೆನ್ನಾಗಿರೋರ ಮಾತು. ನಮ್ಮ ಯಜಮಾನ್ರಿಗೆ ಎರಡು ವರ್ಷದಿಂದ ಎಡ ಭುಜ ಹಿಡ್ಕೊಂಡೈತೆ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂತಾರೆ. ಸ್ಟೀರಿಂಗ್ ಹಿಡಿಯಕ್ಕೆ ತೊಂದ್ರೆ ಇಲ್ಲ, ಗೇರಿಗೂ ಕೈ ಹೋಗುತ್ತೆ, ಆದ್ರೆ ಮುಂದಕ್ಕೆ ಚಾಚಿ ಮೇಲೆ ಎತ್ತಕ್ಕಾಗಲ್ಲ. ನಮ್ಮ ದೇಶದಾಗೆ ಡ್ರೈವರ್ ಕೂರೋದು ಬಲಕ್ಕೆ, ಸ್ಟೀರಿಯೋ ಇರೋದು ಎಡಕ್ಕೆ. ಅಂದ್ರೆ ಕೆಟ್ಟ ಕೈಯೇ ಅಲ್ಲಿಗೆ ಹೋಗಬೇಕು.

ಒಂದಿನ ಮುಸ್ಸಂಜೆ ಹೊಳಲ್ಕೆರೆ ಬಯಲು ಗಣಪತಿಗೆ ಕೈ ಮುಗಿದು ವಾಪಸ್ ಬರ್ತಿದ್ವಿ. ಮಗಳ ಫೋನ್ ಬಂತು. ನಾನು ಹಿಂದಿನ ಸೀಟಿನಾಗೆ ಮೊಮ್ಮಗಳನ್ನ ಮಲಗಿಸ್ಕೊಂಡಿದ್ದೆ. ಇವರು ಇಡೀ ಮೈಯನ್ನೇ ಎಡಕ್ಕೆ ವಾಲಿಸಿ ಸ್ಕ್ರೀನ್ ಮುಟ್ಟಕ್ಕೆ ಹೋದ್ರು. ಕಾರೂ ಅವರ ಜೊತೆಗೇ ಎಡಕ್ಕೆ ವಾಲ್ತು. ರಸ್ತೆ ಪಕ್ಕ ಅಡಿಕೆ ಗೊನೆ ತುಂಬಿದ ಟ್ರ್ಯಾಕ್ಟರು ಲೈಟಿಲ್ಲದೆ ನಿಂತಿತ್ತು. ಹೆಂಗೋ ತಿರುಗಿಸ್ಕೊಂಡ್ರು. ಮನೆಗೆ ಬರೋವರೆಗೂ ಇಬ್ರೂ ಮಾತಾಡಲಿಲ್ಲ. ಮಾರನೇ ದಿನದಿಂದ ಆ ಸ್ಟೀರಿಯೋ ಹಾಕಕ್ಕೆ ನಾನು ಬಿಡಲಿಲ್ಲ.

ಆಮೇಲೆ ನನಗೊಂದು ಹಟ ಹುಟ್ತು. ಈ ಬಟನ್ನು ಮೊದಲು ಯಾಕೆ ಬಂತು, ಯಾವಾಗ ಬಂತು, ಡಬ್ಬಿ ಬದಲಾಯಿಸಿದ್ರೆ ಯಾಕೆ ಸಾಯುತ್ತೆ ಅಂತ ಹುಡುಕಕ್ಕೆ ಶುರು ಮಾಡಿದೆ. ಓದಿದ್ದನ್ನ, ಕೇಳಿದ್ದನ್ನ ನಿಮಗೂ ಹೇಳ್ತೀನಿ.

ಮೊದ್ಲು ನಮ್ಮನೆ ರೇಡಿಯೋದಿಂದ ಶುರು ಮಾಡ್ತೀನಿ. ಕನ್ನಡ ನಾಡಿನ ರೇಡಿಯೋ ಕಥೆ ಮೈಸೂರಿನಾಗೆ ಹುಟ್ಟಿದ್ದು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿ ಅದನ್ನ ಆಕಾಶವಾಣಿ ಅಂತ ಕರೆದ್ರು. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಧಾರವಾಡ ಕೇಂದ್ರ 1950ರಾಗೆ, ಬೆಂಗಳೂರು 1955ರಾಗೆ, ನಮಗೆ ಹತ್ತಿರದ ಭದ್ರಾವತಿ 1965ರಾಗೆ ಶುರುವಾದ್ವು. ನಾನು ಹುಟ್ಟುವಷ್ಟೊತ್ತಿಗೆ ನಮ್ಮೂರ ಮನೆಗಳಿಗೆ ಭದ್ರಾವತಿ ಅಂದ್ರೆ ಕಬ್ಬಿಣದ ಫ್ಯಾಕ್ಟರಿಗಿಂತ ಮೊದ್ಲು ರೇಡಿಯೋನೇ ನೆನಪಾಗ್ತಿತ್ತು. ಚಿತ್ರದುರ್ಗದ ಎಫ್‌ಎಂ 102.6 ಬಂದಿದ್ದು ಅದಾದ ಎಷ್ಟೋ ವರ್ಷದ ಮೇಲೆ.

ನಮ್ಮಪ್ಪ ರೈಲ್ವೆಯಾಗೆ ಪಾಯಿಂಟ್ಸ್‌ಮನ್ ಆಗಿದ್ರು. ಚಿಕ್ಕಜಾಜೂರು ಜಂಕ್ಷನ್ ಅಂದ್ರೆ ಗೊತ್ತಲ್ಲ, ಬೆಂಗಳೂರು ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ರಾಯದುರ್ಗದ ಕಡೆಗೆ ಹಳಿ ಒಡೆಯೋ ಜಾಗ. ಕ್ವಾರ್ಟರ್ಸ್‌ನಾಗೆ ಒಂದು ಮರ್ಫಿ ರೇಡಿಯೋ ಇತ್ತು. ಅದಕ್ಕೆ ಲೈಸೆನ್ಸ್ ಬೇರೆ, ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಆ ಲೈಸೆನ್ಸ್ ಪದ್ಧತಿ ಪೂರ್ತಿ ಹೋಗಿದ್ದು ಎಂಬತ್ತರ ದಶಕದಾಗೆ. ಆ ರೇಡಿಯೋದ ತಿರುಪನ್ನ ಅಪ್ಪ ಬಿಟ್ರೆ ಯಾರೂ ಮುಟ್ಟಂಗಿರಲಿಲ್ಲ. ಅವ್ವಂಗೆ ಹಾಡು ಬೇಕಿದ್ರೂ ಅಪ್ಪ ಡ್ಯೂಟಿ ಮುಗಿಸಿ ಬರಬೇಕು. ಹಾಡೋದು ಡಬ್ಬಿಯೇ ಆದ್ರೂ ಹುಕುಮ್ಮು ತಿರುಪಿನದು ಅಂತ ನನಗೆ ಅವಾಗ್ಲೇ ಗೊತ್ತಿತ್ತು.

ಈಗ ಕಾರಿಗೆ ಬರ್ತೀನಿ. 1930ರಲ್ಲಿ ಅಮೆರಿಕದ ಚಿಕಾಗೋದ ಪಾಲ್ ಗ್ಯಾಲ್ವಿನ್ ಅನ್ನೋರು ತಮ್ಮನ ಜೊತೆ ಸೇರ್ಕೊಂಡು ಕಾರಿಗೆ ಕೂರಿಸೋ ರೇಡಿಯೋ ಮಾಡಿದ್ರು. ಅಟ್ಲಾಂಟಿಕ್ ಸಿಟಿಯಾಗೆ ರೇಡಿಯೋ ತಯಾರಕರ ಸಮ್ಮೇಳನ ಇತ್ತು. ಒಳಗೆ ಅವರಿಗೆ ಮಳಿಗೆ ಇರಲಿಲ್ಲ. ಸಭಾಂಗಣದ ಹೊರಗೆ ಕಾರು ನಿಲ್ಲಿಸಿ, ರೇಡಿಯೋ ಜೋರಾಗಿ ಹಾಕಿ ಗಿರಾಕಿ ಕರೆದ್ರಂತೆ, ನಮ್ಮ ಸಂತೆಯಾಗೆ ಬಟ್ಟೆ ವ್ಯಾಪಾರದೋರು ಕೂಗಿದಂಗೆ. ಅದಕ್ಕೆ ಅವರಿಟ್ಟ ಹೆಸರು ಮೋಟರೋಲಾ. ಮೋಟಾರಿನ ಜೊತೆ, ಆ ಕಾಲದ ಹಾಡಿನ ಪೆಟ್ಟಿಗೆಗಳ ಹೆಸರಿನ ಕೊನೆಗೆ ಬರ್ತಿದ್ದ 'ಓಲಾ' ಸೇರಿಸಿದ್ದು. ಅದರ ಬೆಲೆ ನೂರು ಡಾಲರಿಗಿಂತ ಮೇಲೆ. ಸಾಮಾನ್ಯದವರ ಕೈಗೆ ಎಟುಕೋದಲ್ಲ.

ನನ್ನ ಕಣ್ಣು ಅರಳಿದ್ದು ಅದರ ಮುಂದಿನ ಸಂಗತಿ ಓದಿದಾಗ. 1932ರಲ್ಲಿ ಜರ್ಮನಿಯ ಬ್ಲಾಪಂಕ್ಟ್ ಕಂಪನಿ ಯುರೋಪಿನ ಮೊದಲ ಕಾರ್ ರೇಡಿಯೋ ತಂತು. ಬ್ಲಾಪಂಕ್ಟ್ ಅಂದ್ರೆ ನೀಲಿ ಚುಕ್ಕೆ. ಮೊದ್ಲು ಅವರು ಹೆಡ್‌ಫೋನ್ ಮಾಡ್ತಿದ್ರು, ಪರೀಕ್ಷೆ ಮಾಡಿ ಸರಿ ಇರೋದಕ್ಕೆ ನೀಲಿ ಚುಕ್ಕೆ ಅಂಟಿಸ್ತಿದ್ರು, ಜನ ಆ ಚುಕ್ಕೆ ನೋಡಿಯೇ ಕೇಳಕ್ಕೆ ಶುರು ಮಾಡಿ ಅದೇ ಕಂಪನಿ ಹೆಸರಾಯ್ತು. ಅವರ ಈ ಕಾರ್ ರೇಡಿಯೋ ಸುಮಾರು 15 ಕಿಲೋ ತೂಕ, ಹತ್ತು ಲೀಟರಿನ ಡಬ್ಬದಷ್ಟು ಗಾತ್ರ. ಒಳಗೆಲ್ಲಾ ಗಾಜಿನ ವಾಲ್ವುಗಳು. ಡ್ರೈವರಿನ ಮುಂದೆ ಅದು ಹಿಡಿಸೋದೇ ಇಲ್ಲ. ಅದಕ್ಕೆ ಏನು ಮಾಡಿದ್ರು ಅಂದ್ರೆ, ಡಬ್ಬಿಯನ್ನ ಬೇರೆ ಕಡೆ ಇಟ್ಟು, ಅದನ್ನ ನಡೆಸೋ ತಿರುಪನ್ನ ಸ್ಟೀರಿಂಗ್ ಕಂಬಕ್ಕೆ ಕಟ್ಟಿದ್ರು!

ನೋಡ್ರಿ ಮತ್ತೆ. ಸ್ಟೀರಿಂಗಿನ ಹತ್ತಿರ ರೇಡಿಯೋ ನಡೆಸೋದು ಮೊನ್ನೆ ಮೊನ್ನೆ ಬಂದ ಶೋಕಿ ಅಂತ ನಾನು ತಿಳ್ಕೊಂಡಿದ್ದೆ. ಅದು ಕಾರ್ ರೇಡಿಯೋದಷ್ಟೇ ಹಳೇದು. ಡಬ್ಬಿ ಎಲ್ಲಾದ್ರೂ ಇರಲಿ, ತಿರುಪು ಓಡಿಸೋರ ಕೈ ಹತ್ರ ಇರಬೇಕು ಅನ್ನೋದು ಅವಾಗ್ಲೇ ಇತ್ತು. ಅದೇ ಮೂವತ್ತರ ದಶಕದಾಗೆ ಅಮೆರಿಕದ ಕೆಲವು ರಾಜ್ಯಗಳಾಗೆ, ಕಾರಿನಾಗೆ ರೇಡಿಯೋ ಇದ್ರೆ ಡ್ರೈವರಿನ ಗಮನ ತಪ್ಪುತ್ತೆ, ನಿಷೇಧ ಮಾಡ್ರಿ ಅನ್ನೋ ಕೂಗೂ ಎದ್ದಿತ್ತು. ಹೊಳಲ್ಕೆರೆ ರಸ್ತೆಯ ಆ ಟ್ರ್ಯಾಕ್ಟರು ನೋಡಿದ ಮೇಲೆ ನನಗೆ ಆ ಕೂಗಿನ ಅರ್ಥ ಆಯ್ತು.

ಆಮೇಲೆ ಡಬ್ಬಿ ಸಣ್ಣದಾಯ್ತು. 1947ರಲ್ಲಿ ಟ್ರಾನ್ಸಿಸ್ಟರ್ ಬಂತು, ಗಾಜಿನ ವಾಲ್ವು ಹೋದ್ವು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟು ತಂತು. ಡಬ್ಬಿ ಸಣ್ಣದಾದ ಮೇಲೆ ಡ್ಯಾಶ್‌ಬೋರ್ಡಿನೊಳಗೇ ಹೋಗಿ ಕೂತ್ಕೊಂತು, ತಿರುಪೂ ಅದರ ಜೊತೆಗೇ ಹೋಯ್ತು. ಕೈ ಚಾಚೋ ಕೆಲಸ ಅಲ್ಲಿಂದ ಶುರುವಾಯ್ತು. ಆ ತೂತಿಗೂ ಒಂದು ಅಳತೆ ಬಂತು, ಜರ್ಮನಿಯವರು ಗೊತ್ತು ಮಾಡಿದ್ದು. ಅಗಲ 180 ಮಿಲಿಮೀಟರ್, ಎತ್ತರ 50. ಅದಕ್ಕೆ ಡಿನ್ ಅಂತಾರೆ. ಈಗಿನ ದೊಡ್ಡ ಸ್ಕ್ರೀನುಗಳದ್ದು ಡಬಲ್ ಡಿನ್, ಎತ್ತರ 100. ಅಂಗಡಿಯೋರು "ಡಬಲ್ ಡಿನ್ ಹಾಕ್ಸಿ" ಅನ್ನೋದು ಇದನ್ನೇ. ಒಲೆ ಮೇಲೆ ಯಾವ ಕಂಪನಿ ಪಾತ್ರೆ ಇಟ್ರೂ ಕೂರೋ ಹಂಗೆ, ಯಾವ ಕಂಪನಿ ಸ್ಟೀರಿಯೋ ಆದ್ರೂ ಆ ತೂತಿಗೆ ಕೂತ್ಕೊಳುತ್ತೆ.

ನಾವು ಸಣ್ಣೋರಿದ್ದಾಗ ಮದುವೆಗೆ ಬರ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳ ನೆನಪು ಐತಾ? 1983ರ ಡಿಸೆಂಬರಿನಾಗೆ ಮಾರುತಿ 800 ಬಂದ ಮೇಲೆ ಮೇಷ್ಟ್ರು, ಅಡಿಕೆ ಮಂಡಿಯೋರು, ಡಾಕ್ಟರು ಎಲ್ಲಾ ಕಾರು ತಗೊಳ್ಳಕ್ಕೆ ಶುರು ಮಾಡಿದ್ರು. ಕಾರು ತಂದ ವಾರಕ್ಕೆ ಸ್ಟೀರಿಯೋ ಹಾಕ್ಸೋದು, ಹಿಂದೆ ಎರಡು ಸ್ಪೀಕರ್ ಕೂರಿಸೋದು ಒಂದು ಸಡಗರ. ಅವಾಗ ಕೆಲಸ ಸಲೀಸು. ಕರೆಂಟಿನ ವೈರು, ಸ್ಪೀಕರ್ ವೈರು, ಆಂಟೆನಾ, ಮುಗೀತು. ನಮ್ಮ ಕಡೆ ಪೇಟೆಗಳ ಸ್ಟೀರಿಯೋ ಅಂಗಡಿಯೋರು ಕೆಲಸ ಕಲಿತಿದ್ದು ಆ ಕಾಲದಾಗೆ. ಸ್ಟೀರಿಂಗಿನಿಂದ ಇನ್ನೊಂದು ವೈರು ಬರುತ್ತೆ ಅನ್ನೋದು ಆ ಪಾಠದಾಗೆ ಇರಲಿಲ್ಲ.

ಅದು ಬಂದಿದ್ದು ಹಿಂಗೆ. ಎಂಬತ್ತರ ದಶಕದ ಕೊನೆಗೆ ಅಮೆರಿಕದ ಪಾಂಟಿಯಾಕ್ ಕಾರುಗಳಾಗೆ ಸ್ಟೀರಿಂಗಿನ ನಡುಮಧ್ಯೆ ರೇಡಿಯೋ ಬಟನ್ನು ಬಂದ್ವು. ಐವತ್ತಕ್ಕೂ ಜಾಸ್ತಿ ವರ್ಷ ಸುತ್ತಿ ಬಂದು ತಿರುಪು ಮತ್ತೆ ಕೈ ಹತ್ರ ಸೇರ್ತು. ಅದೇ ಹೊತ್ತಿಗೆ ಏರ್‌ಬ್ಯಾಗೂ ಸ್ಟೀರಿಂಗಿನೊಳಗೆ ಬಂತು. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯ್ತು. ತಿರುಗೋ ಚಕ್ರದಿಂದ ತಿರುಗದ ಕಂಬಕ್ಕೆ ವೈರು ಹೆಂಗೆ ತರೋದು? ತಿರುಚ್ಕೊಂಡು ತುಂಡಾಗಲ್ವಾ? ಅದಕ್ಕೆ ಒಳಗೆ ಚಪ್ಪಟೆ ಪಟ್ಟಿಯಂಥ ವೈರು ಸುರುಳಿ ಸುತ್ತಿ ಇಟ್ಟಿರ್ತಾರೆ, ಗಡಿಯಾರದ ಸ್ಪ್ರಿಂಗಿನ ಹಂಗೆ. ಹೆಸರೂ ಕ್ಲಾಕ್ ಸ್ಪ್ರಿಂಗ್ ಅಂತಲೇ. ಚಕ್ರ ಒಂದು ಕಡೆ ತಿರುಗಿದ್ರೆ ಸುರುಳಿ ಬಿಗಿಯಾಗುತ್ತೆ, ಇನ್ನೊಂದು ಕಡೆ ತಿರುಗಿದ್ರೆ ಸಡಿಲ ಆಗುತ್ತೆ. ಹಾರ್ನು, ಏರ್‌ಬ್ಯಾಗು, ಬಟನ್ನು ಎಲ್ಲದರ ವೈರೂ ಇದರ ಮೂಲಕವೇ ಹೋಗೋದು.

ಹಂಗಾದ್ರೆ ನಮ್ಮ ಬಟನ್ನು ಯಾಕೆ ಸತ್ವು? ಇದನ್ನ ನನಗೆ ತಿಳಿಸಿದ್ದು ನಮ್ಮಣ್ಣನ ಮಗ. ಡಿಪ್ಲೊಮಾ ಓದಿದಾನೆ. "ಅತ್ತೆ, ಬಟನ್ ಸತ್ತಿಲ್ಲ. ಅದು ಮಾತಾಡ್ತಾನೇ ಐತೆ, ಕೇಳೋರಿಲ್ಲ" ಅಂದ. ನನಗೆ ತಟ್ಟನೆ ಅಪ್ಪನ ಸ್ಟೇಷನ್ ನೆನಪಾಯ್ತು.

ಅವಾಗ ಒಂದೇ ಹಳಿ ದಾರಿ. ಮುಂದಿನ ಸ್ಟೇಷನ್ನು ಒಪ್ಪದೆ ಈ ಕಡೆಯಿಂದ ಗಾಡಿ ಬಿಡಂಗಿಲ್ಲ. ಎರಡೂ ಸ್ಟೇಷನ್ನಿನಾಗೆ ಜೋಡಿ ಯಂತ್ರ ಇರ್ತಿದ್ವು, ನೀಲ್ಸ್ ಟೋಕನ್ ಅಂತ. ಇಲ್ಲಿ ಗುಂಡಿ ಒತ್ತಿದ್ರೆ ಅಲ್ಲಿ ಗಂಟೆ ಹೊಡೀತಿತ್ತು. ಇಷ್ಟು ಹೊಡೆತಕ್ಕೆ ಒಂದು ಅರ್ಥ, ಅಷ್ಟು ಹೊಡೆತಕ್ಕೆ ಇನ್ನೊಂದು ಅರ್ಥ. ಒಪ್ಪಿಗೆ ಸಿಕ್ಕಿದ್ರೆ ಯಂತ್ರದಿಂದ ಒಂದು ಕಬ್ಬಿಣದ ಗುಂಡು ಹೊರಗೆ ಬರ್ತಿತ್ತು. ಅದನ್ನ ಚೀಲಕ್ಕೆ ಹಾಕಿ, ಬಳೆಗೆ ಕಟ್ಟಿ, ಅಪ್ಪ ಓಡೋ ಗಾಡಿ ಡ್ರೈವರಿನ ಕೈಗೆ ಕೊಡ್ತಿದ್ರು. ಒಂದೇ ತಂತಿ ಮೇಲೆ ಹತ್ತು ಥರದ ಮಾತು. ಆದ್ರೆ ಎರಡೂ ತುದಿಗೆ ಒಂದೇ ಭಾಷೆ ಗೊತ್ತಿರಬೇಕು. ಒಂದು ತುದಿ ಯಂತ್ರ ಮಾತ್ರ ಬದಲಾಯಿಸಿದ್ರೆ ಗಂಟೆ ಬರೀ ಸದ್ದು, ಗಾಡಿ ಹೊರಡಲ್ಲ. ತೊಂಬತ್ತರ ದಶಕದಾಗೆ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದಾಗ ಅಪ್ಪ ಅಂತಿದ್ದ ಮಾತು, "ಹಳಿ ಹಾಕಿದ್ರೆ ಆಗಲ್ಲ ಮಗಾ, ಎರಡು ತುದಿ ಮಾತಾಡಬೇಕು."

ಕಾರಿನ ಬಟನ್ನಿನದೂ ಅದೇ ಕಥೆ. ಬಹಳ ಕಾರುಗಳಾಗೆ ಐದಾರು ಬಟನ್ನಿಗೆ ಒಂದೋ ಎರಡೋ ವೈರು ಅಷ್ಟೇ ಇರೋದು. ಪ್ರತಿ ಬಟನ್ನಿನ ಹಿಂದೆ ಬೇರೆ ಬೇರೆ ಅಳತೆಯ ರೆಸಿಸ್ಟರ್ ಇರುತ್ತೆ. 1827ರಲ್ಲಿ ಜರ್ಮನಿಯ ಓಮ್ ಅನ್ನೋರು ಪುಸ್ತಕದಾಗೆ ಬರೆದ ನಿಯಮವನ್ನ ನಾನು ಪಿಯುಸಿಯಾಗೆ ಬಾಯಿಪಾಠ ಮಾಡಿ ಮರೆತಿದ್ದೆ, ಮೂವತ್ತೈದು ವರ್ಷ ಆದ ಮೇಲೆ ಕೆಲಸಕ್ಕೆ ಬಂತು. ಸ್ಟೀರಿಯೋ 5 ವೋಲ್ಟನ್ನ 1000 ಓಮಿನ ಒಂದು ರೆಸಿಸ್ಟರ್ ಮೂಲಕ ಆ ವೈರಿಗೆ ಬಿಟ್ಟೈತೆ ಅಂತ ಇಟ್ಕೊಳ್ರಿ. 1000 ಓಮಿನ ಬಟನ್ ಒತ್ತಿದ್ರೆ ವೈರಿನಾಗೆ ಉಳಿಯೋದು ಎರಡೂವರೆ ವೋಲ್ಟು. 250 ಓಮಿನ ಬಟನ್ ಒತ್ತಿದ್ರೆ 1 ವೋಲ್ಟು. ಎರಡೂವರೆ ಅಂದ್ರೆ ಸೌಂಡ್ ಜಾಸ್ತಿ, ಒಂದು ಅಂದ್ರೆ ಕಮ್ಮಿ ಅಂತ ಸ್ಟೀರಿಯೋ ಲೆಕ್ಕ ಇಟ್ಕೊಂಡಿರುತ್ತೆ. ಇದೇ ಗಂಟೆಯ ಭಾಷೆ. ಹೊಸ ಡಬ್ಬಿಗೆ ಆ ವೈರು ಜೋಡಿಸದೇ ಬಿಟ್ರೆ, ಇಲ್ಲಾ ಭಾಷೆ ಕಲಿಸದೇ ಬಿಟ್ರೆ, ಅದು ಕಿವುಡು.

ಇನ್ನೂ ಹೊಸಾ ಕಾರುಗಳಾಗೆ ಬೇರೆ ರೀತಿ ಐತೆ. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಕ್ಯಾನ್ ಅನ್ನೋ ಪದ್ಧತಿ ಹೊರಗೆ ತಂತು. ಒಂದು ಜೋಡಿ ವೈರಿನ ಮೇಲೆ ಇಂಜಿನ್ನು, ಬ್ರೇಕು, ಬಾಗಿಲು, ಬಟನ್ನು ಎಲ್ಲಾ ಸಂದೇಶ ಬಿಡ್ತಾವೆ, ಎಲ್ಲಾ ಕೇಳಿಸ್ಕೊಳ್ತಾವೆ, ಬೇಕಾದೋರು ತಗೊಳ್ತಾರೆ. ಇದೂ ರೈಲ್ವೆ ಮಕ್ಕಳಿಗೆ ಹೊಸದಲ್ಲ. ಕಂಟ್ರೋಲ್ ಫೋನ್ ಹಂಗೇ ಇತ್ತು, ಒಂದೇ ಲೈನಿಗೆ ಎಲ್ಲಾ ಸ್ಟೇಷನ್ನು. ಇಂಥ ಕಾರಿಗೆ ಬರೀ ವೈರು ಸೇರಿಸಿದ್ರೆ ಆಗಲ್ಲ, ನಡುವೆ ಕ್ಯಾನ್ ಅಡಾಪ್ಟರ್ ಅಂತ ಸಣ್ಣ ಡಬ್ಬಿ ಬೇಕು. ಅದು ದುಭಾಷಿ ಇದ್ದಂಗೆ. ಕಾರಿನ ಮಾಡೆಲ್ಲು, ವರ್ಷ, ಸ್ಟೀರಿಯೋದ ಹೆಸರು ಮೂರೂ ಹೇಳಿ ತಗೋಬೇಕು. ಕೆಲವು ಹೆಸರಾಂತ ಸ್ಟೀರಿಯೋಗಳಿಗೆ ವೈರ್ಡ್ ರಿಮೋಟ್ ಅಂತ ಹಿಂದೆ ಒಂದು ತೂತು ಮಾತ್ರ ಇರುತ್ತೆ. ಅದಕ್ಕೂ ಅಡಾಪ್ಟರ್ ಬೇಕು.

ನಮ್ಮ ಕಾರು ಹಳೇ ರೀತಿದು. ಒಂದು ಭಾನುವಾರ ಅಣ್ಣನ ಮಗ ಬಂದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಸ್ಟೀರಿಯೋ ಹೊರಗೆ ಎಳೆದ. ಹಿಂದೆ ನೋಡಿದ್ರೆ ಸ್ಟೀರಿಂಗಿನಿಂದ ಬಂದ ವೈರುಗಳನ್ನ ಟೇಪ್ ಸುತ್ತಿ ಮೂಲೆಗೆ ತುರುಕಿದ್ರು. ಹೊಸ ಸ್ಟೀರಿಯೋದಿಂದಲೂ ಕೀ ಒಂದು, ಕೀ ಎರಡು ಅಂತ ಚೀಟಿ ಹಚ್ಚಿದ ವೈರುಗಳು ಸುಮ್ನೆ ಜೋತಾಡ್ತಿದ್ವು. ಎರಡು ತುದಿ ಗೇಣಿನಷ್ಟು ದೂರದಾಗೆ ಇದ್ವು, ಸೇರಿಸೋರು ಇರಲಿಲ್ಲ ಅಷ್ಟೇ. ಅವನು ಮೀಟರ್ ಹಿಡಿದು ಯಾವುದು ಯಾವುದು ಅಂತ ನೋಡಿ ಜೋಡಿಸಿದ, ಗ್ರೌಂಡ್ ವೈರೂ ಸೇರಿಸಿದ. ಆಮೇಲೆ ಬ್ಯಾಟರಿ ತಂತಿ ಹಾಕಿ, ಕೀ ತಿರುಗಿಸಿ, ಸ್ಕ್ರೀನಿನ ಸೆಟ್ಟಿಂಗ್‌ನಾಗೆ ಸ್ಟೀರಿಂಗ್ ಅನ್ನೋ ಜಾಗ ತೆಗೆದ. "ಅತ್ತೆ, ನೀವು ಸ್ಟೀರಿಂಗ್ ಮೇಲೆ ಒತ್ತಿ ಹಿಡ್ಕೊಳ್ರಿ, ನಾನು ಇಲ್ಲಿ ಹೆಸರು ಮುಟ್ತೀನಿ" ಅಂದ. ನಾನು ಒತ್ತಿದೆ, ಅವನು ಮುಟ್ಟಿದ. ಮಗುಗೆ ಅಕ್ಷರ ತಿದ್ದಿಸಿದಂಗೆ ಒಂದೊಂದೇ ಕಲಿಸಿದ್ವಿ. ಅರ್ಧ ಗಂಟೆ ಕೆಲಸ. ಖರ್ಚು ಅಂದ್ರೆ ಅವನಿಗೆ ಮಾಡಿ ಹಾಕಿದ ಮಂಡಕ್ಕಿ, ಮೆಣಸಿನಕಾಯಿ.

ನೀವೂ ಸ್ಟೀರಿಯೋ ಬದಲಾಯಿಸೋದಾದ್ರೆ ನನ್ನ ಅನುಭವದ ನಾಲ್ಕು ಮಾತು. ದುಡ್ಡು ಕೊಡೋಕೆ ಮುಂಚೆ "ಸ್ಟೀರಿಂಗ್ ಬಟನ್ ಕೆಲಸ ಮಾಡುತ್ತಾ, ಅಡಾಪ್ಟರ್ ಬೇಕಾ" ಅಂತ ಕೇಳ್ರಿ, ಹೊರಡೋಕೆ ಮುಂಚೆ ಒಂದೊಂದು ಬಟನ್ನೂ ಒತ್ತಿ ನೋಡ್ರಿ. ಕಾರಿನ ಮೂಲ ವೈರು ಕತ್ತರಿಸಕ್ಕೆ ಬಿಡಬ್ಯಾಡ್ರಿ, ಸೇರಿಸೋ ಸಾಕೆಟ್ ಸಿಗುತ್ತೆ. ಕಾರು ಆಫ್ ಮಾಡಿದಾಗೆಲ್ಲಾ ಸ್ಟೀರಿಯೋ ಸೆಟ್ಟಿಂಗ್ ಮರೀತಿದ್ರೆ, ಯಾವಾಗ್ಲೂ ಕರೆಂಟ್ ಇರಬೇಕಾದ ಹಳದಿ ವೈರು, ಕೀ ತಿರುಗಿಸಿದಾಗ ಮಾತ್ರ ಬರಬೇಕಾದ ಕೆಂಪು ವೈರು ಅದಲು ಬದಲಾಗಿರಬಹುದು. ಬಟನ್ನಿನ ಜೊತೆ ಹಾರ್ನೂ ಹೋಗಿ, ಏರ್‌ಬ್ಯಾಗ್ ದೀಪ ಹತ್ತಿದ್ರೆ ಅದು ಸ್ಟೀರಿಯೋ ತೊಂದ್ರೆ ಅಲ್ಲ, ಕ್ಲಾಕ್ ಸ್ಪ್ರಿಂಗ್ ಇರಬಹುದು. ಅದನ್ನ ಮಾತ್ರ ಮನೆಯಾಗೆ ಬಿಚ್ಚಬ್ಯಾಡ್ರಿ. ಅಲ್ಲಿರೋ ಹಳದಿ ಸಾಕೆಟ್ಟು ಏರ್‌ಬ್ಯಾಗಿಂದು, ಸಿಡಿಯೋ ಸಾಮಾನು, ತಿಳಿದೋರೇ ಮುಟ್ಟಬೇಕು.

ಮೊನ್ನೆ ಭೀಮಸಮುದ್ರದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ವಿ. ದಾರಿಯಾಗೆ ಮಗಳ ಫೋನ್ ಬಂತು. ಇವರು ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟಂಗೇ ಹೆಬ್ಬೆಟ್ಟಿನಾಗೆ ಒತ್ತಿದ್ರು. "ಹೇಳವ್ವಾ, ಗಾಡಿ ಓಡಿಸ್ತಿದೀನಿ, ನಿಮ್ಮವ್ವನ ಹತ್ರ ಮಾತಾಡು" ಅಂದ್ರು. ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ಮಾತು ಮುಗಿದ ಮೇಲೆ ಚಿತ್ರದುರ್ಗ ಆಕಾಶವಾಣಿ ಹಾಡು ತಾನೇ ಬಂತು. ಜೋರಾಯ್ತು ಅಂತ ನಾನು ಹಿಂದಿನಿಂದ ಅಂದೆ, ಹೆಬ್ಬೆಟ್ಟಿನಾಗೇ ಕಮ್ಮಿ ಮಾಡಿದ್ರು.

ನಮ್ಮ ಅವ್ವಂಗೆ ಹಾಡು ಬೇಕಿದ್ರೆ ಅಪ್ಪ ಡ್ಯೂಟಿ ಮುಗಿಸಿ ಬರೋವರೆಗೂ ಕಾಯಬೇಕಿತ್ತು. ಈಗ ನನ್ನ ಮಾತಿಗೆ ಸೌಂಡ್ ಕಮ್ಮಿ ಆಗುತ್ತೆ. ಅಪ್ಪ ಇದ್ದಿದ್ರೆ ತೋರಿಸಬೇಕಿತ್ತು ಅನ್ನಿಸ್ತು. ನಿಮ್ಮನೆ ಕಾರಿನ ಬಟನ್ನೂ ಸುಮ್ನೆ ಕೂತಿದ್ರೆ ಕೆಟ್ಟೋಗೈತೆ ಅಂತ ಬಿಟ್ಟುಬಿಡಬ್ಯಾಡ್ರಿ, ಹಿಂದೆ ಒಂದ್ಸಲ ತಡಕಿ ನೋಡ್ಸಿ. ಮುಂದಿನ ಸಲ ಅಡಿಗೆ ಮನೆಗೇ ವಾಪಸ್ ಬರ್ತೀನಿ.